ಡೇಟಾ ಎಲ್ಲಿಡಬೇಕು: ಮುಂಬೈಯಲ್ಲೋ, ವರ್ಜೀನಿಯಾದಲ್ಲೋ?

ಕ್ಲೌಡ್ ಸೇವೆಯಲ್ಲಿ ಖಾತೆ ತೆರೆದು ಹೊಸ ಸರ್ವರ್ ಶುರು ಮಾಡಲು ಹೋದರೆ ಪರದೆಯ ಮೇಲೆ ಊರುಗಳ ಪಟ್ಟಿಯೊಂದು ಕಾಣುತ್ತದೆ. ಉತ್ತರ ವರ್ಜೀನಿಯಾ, ಓಹಾಯೊ, ಫ್ರಾಂಕ್‌ಫರ್ಟ್, ಸಿಂಗಪುರ, ಮುಂಬೈ, ಹೈದರಾಬಾದ್. ಅಮೆಜಾನ್‌ನ ಕ್ಲೌಡ್‌ನಲ್ಲಿ ಮುಂಬೈ ಎಂದರೆ ‘ಎಪಿ-ಸೌತ್-1’, ಹೈದರಾಬಾದ್ ಎಂದರೆ ‘ಎಪಿ-ಸೌತ್-2’. ಮೈಕ್ರೋಸಾಫ್ಟ್‌ನವರ ‘ಸೆಂಟ್ರಲ್ ಇಂಡಿಯಾ’ ಇರುವುದು ಪುಣೆಯಲ್ಲಿ, ‘ಸೌತ್ ಇಂಡಿಯಾ’ ಚೆನ್ನೈಯಲ್ಲಿ. ಗೂಗಲ್‌ಗೆ ಮುಂಬೈ ಮತ್ತು ದೆಹಲಿ. ವೆಬ್‌ಸೈಟ್ ಕಟ್ಟಿಕೊಡುವವರಲ್ಲಿ ಅನೇಕರು ಈ ಪಟ್ಟಿಯ ಕಡೆ ಕಣ್ಣು ಹಾಯಿಸುವುದಿಲ್ಲ. ಮೊದಲೇ ಆಯ್ಕೆಯಾಗಿರುವ ಊರನ್ನೇ ಉಳಿಸಿಕೊಂಡು ಮುಂದಕ್ಕೆ ಹೋಗುತ್ತಾರೆ, ಅದು ಬಹಳ ಸಲ ಅಮೆರಿಕದ್ದೇ ಆಗಿರುತ್ತದೆ. ಬಾಡಿಗೆಯೂ ಅಲ್ಲಿ ಎಷ್ಟೋ ಸಲ ಸ್ವಲ್ಪ ಕಡಿಮೆ. ಹೀಗೆ ಯಾರೂ ಕೂತು ತೀರ್ಮಾನಿಸದೆಯೇ ಹಾಸನದ ರೋಗಿಯ ರಕ್ತಪರೀಕ್ಷೆಯ ವರದಿ, ದಾವಣಗೆರೆಯ ಪತ್ತಿನ ಸಂಘದ ಸಾಲಗಾರರ ಪಟ್ಟಿ, ಶಾಲೆಯೊಂದರ ಮಕ್ಕಳ ಫೋಟೊಗಳು ಸಮುದ್ರ ದಾಟಿಬಿಟ್ಟಿರುತ್ತವೆ.

ಇದು ತಪ್ಪೇ? ಕಾನೂನಿನ ಪ್ರಕಾರ ಯಾವಾಗಲೂ ತಪ್ಪಲ್ಲ. ಹಾಗೆಂದು ಮುಂಬೈ ಆರಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತು ಎಂದೂ ಅಲ್ಲ. ಮಾಹಿತಿ ಯಾರದ್ದು, ಅದನ್ನು ಕೈಯಲ್ಲಿಟ್ಟುಕೊಂಡಿರುವ ಕಂಪನಿ ಯಾವ ದೇಶದ್ದು, ಅದರ ನಕಲುಗಳು ಎಲ್ಲೆಲ್ಲಿ ಬಿದ್ದಿವೆ ಎಂಬ ಮೂರು ವಿಷಯಗಳನ್ನು ಕಾನೂನುಗಳು ಕೇಳುತ್ತವೆ. ಸರ್ವರ್ ಇರುವ ಊರು ಇವುಗಳಲ್ಲಿ ಮೂರನೆಯದರ ಒಂದು ಭಾಗ ಅಷ್ಟೇ. ಸಣ್ಣ ಆಸ್ಪತ್ರೆ, ಸಹಕಾರ ಸಂಘ, ಶಾಲೆ, ಪ್ರಕಾಶನ, ಸ್ಟಾರ್ಟಪ್ ನಡೆಸುವವರು ಈ ಮೂರನ್ನೂ ಒಟ್ಟಿಗಿಟ್ಟು ನೋಡಬೇಕು.

ನಮ್ಮ ಕಾಯ್ದೆ ಏನು ಹೇಳುತ್ತದೆ

ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಅದಾದ ಮರುವರ್ಷ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಕೊಟ್ಟ ಕರಡು ಮಸೂದೆಯಲ್ಲಿ, ವೈಯಕ್ತಿಕ ಮಾಹಿತಿಯ ಒಂದು ಪ್ರತಿಯಾದರೂ ಭಾರತದಲ್ಲಿರಬೇಕು ಎಂಬ ಷರತ್ತಿತ್ತು. ಮುಂದೆ 2019ರ ಮಸೂದೆ ಬಂತು, 2022ರ ಆಗಸ್ಟ್‌ನಲ್ಲಿ ವಾಪಸಾಯಿತು. ಕೊನೆಗೆ 2023ರ ಆಗಸ್ಟ್‌ನಲ್ಲಿ ಜನ್ಮ ತಾಳಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಷರತ್ತನ್ನೇ ಕೈಬಿಟ್ಟಿತು. ಅದರ ಪ್ರಕಾರ ನಿಯಮ ಹೀಗೆ: ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಇಂಥ ದೇಶಕ್ಕೆ ಕಳಿಸಬಾರದು ಎಂದು ಹೇಳದಿದ್ದರೆ, ಮಾಹಿತಿಯನ್ನು ಹೊರಗೆ ಕಳಿಸಬಹುದು. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಇನ್ನೊಂದು ಮಾತು ಸೇರಿಸಿದವು. ಹೊರಗೆ ಹೋದ ಮಾಹಿತಿ ಬೇರೆ ದೇಶದ ಸರ್ಕಾರದ ಅಥವಾ ಅದರ ಹಿಡಿತದಲ್ಲಿರುವ ಸಂಸ್ಥೆಯ ಕೈಗೆ ಸಿಗುವ ಬಗ್ಗೆ ನಮ್ಮ ಸರ್ಕಾರ ಷರತ್ತು ಹಾಕಬಹುದು. ‘ಮಹತ್ವದ’ ಎಂದು ಗುರುತಿಸಲಾದ ದೊಡ್ಡ ಸಂಸ್ಥೆಗಳಿಗೆ ಕೆಲವು ಬಗೆಯ ಮಾಹಿತಿಯನ್ನು ದೇಶದಿಂದ ಹೊರಗೆ ಒಯ್ಯದಂತೆಯೂ ಹೇಳಬಹುದು.

ಕಾಯ್ದೆಯ ಮುಖ್ಯ ಕರ್ತವ್ಯಗಳು ನಿಯಮ ಪ್ರಕಟವಾದ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಅಲ್ಲಿಯವರೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳದ್ದೇ ಆಳ್ವಿಕೆ. ಆರೋಗ್ಯ, ಬ್ಯಾಂಕ್ ವಿವರ, ಪಾಸ್‌ವರ್ಡ್ ಮುಂತಾದವನ್ನು ಹೊರದೇಶಕ್ಕೆ ಕಳಿಸುವುದಾದರೆ ಅಲ್ಲೂ ಇಷ್ಟೇ ಮಟ್ಟದ ರಕ್ಷಣೆ ಇರಬೇಕು ಎಂದು ಅವು ಆಗಲೇ ಹೇಳಿವೆ. ಹೊಸ ಕಾಯ್ದೆಗೆ ಇನ್ನೂ ಸಮಯವಿದೆ ಎಂದು ಸುಮ್ಮನೆ ಕೂರುವಂತಿಲ್ಲ.

ಹೊಸ ಕಾಯ್ದೆಯಲ್ಲಿ ಎಲ್ಲಕ್ಕಿಂತ ಭಾರವಾದ ಮಾತೆಂದರೆ, ಹೋಸ್ಟಿಂಗ್ ಕಂಪನಿ ಎಡವಿದರೂ ಜವಾಬ್ದಾರಿ ನಿಮ್ಮದೇ. ರೋಗಿಯ ಮಾಹಿತಿಯನ್ನು ಪಡೆದವರು ನೀವು, ಸರ್ವರ್‌ನವರು ನಿಮ್ಮ ಪರವಾಗಿ ಇಟ್ಟುಕೊಂಡವರು. ತಕ್ಕ ಭದ್ರತೆ ಇಡದಿದ್ದರೆ ದಂಡ ₹250 ಕೋಟಿವರೆಗೆ ಹೋಗಬಹುದು. ಮಾಹಿತಿ ಸೋರಿದ ಸಂಗತಿಯನ್ನು ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ಸಂಬಂಧಪಟ್ಟ ಜನರಿಗೂ ತಿಳಿಸದಿದ್ದರೆ ₹200 ಕೋಟಿವರೆಗೆ. ಸಣ್ಣ ಸಂಸ್ಥೆಗೆ ಆ ಮಟ್ಟದ ದಂಡ ಬೀಳಲಿಕ್ಕಿಲ್ಲ, ತಪ್ಪಿನ ಗಾತ್ರ ನೋಡಿಯೇ ಮಂಡಳಿ ತೀರ್ಮಾನಿಸಬೇಕು. ಆದರೆ ‘ಹೋಸ್ಟಿಂಗ್‌ನವರ ತಪ್ಪು’ ಎಂಬ ಉತ್ತರ ಇನ್ನು ಮುಂದೆ ನಡೆಯುವುದಿಲ್ಲ.

ದುಡ್ಡಿನ ವಿಷಯದಲ್ಲಿ ಕಟ್ಟುನಿಟ್ಟು

ಖಾಸಗಿತನದ ಕಾಯ್ದೆ ಸಡಿಲವಾಗಿದ್ದರೂ ಅದಕ್ಕಿಂತ ಬಿಗಿಯಾದ ಬೇರೆ ನಿಯಮವಿದ್ದರೆ ಆ ನಿಯಮವೇ ಮೇಲು ಎಂದು ಕಾಯ್ದೆಯೇ ಒಪ್ಪಿಕೊಂಡಿದೆ. ರಿಸರ್ವ್ ಬ್ಯಾಂಕಿನ 2018ರ ಏಪ್ರಿಲ್ 6ರ ಸುತ್ತೋಲೆ ಅಂಥದ್ದು. ಪಾವತಿ ವ್ಯವಸ್ಥೆಯ ಮಾಹಿತಿಯೆಲ್ಲ ಭಾರತದಲ್ಲಿ ಮಾತ್ರ ಇರಬೇಕು. ಸಂಸ್ಕರಣೆ ಹೊರದೇಶದಲ್ಲಿ ನಡೆದರೂ ಒಂದು ಕೆಲಸದ ದಿನ ಅಥವಾ 24 ಗಂಟೆಯೊಳಗೆ ಅಲ್ಲಿಂದ ಅಳಿಸಿ ಇಲ್ಲಿಗೆ ತರಬೇಕು. ಇದನ್ನು ಪಾಲಿಸಲಿಲ್ಲ ಎಂದು 2021ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್, ಡೈನರ್ಸ್ ಕ್ಲಬ್, ಮಾಸ್ಟರ್‌ಕಾರ್ಡ್‌ಗಳು ಇಲ್ಲಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ರಿಸರ್ವ್ ಬ್ಯಾಂಕ್ ತಡೆಯಿತು. ಮಾಸ್ಟರ್‌ಕಾರ್ಡ್ ಮೇಲಿನ ತಡೆ ತೆರವಾಗಲು ಸುಮಾರು ಒಂದು ವರ್ಷ ಹಿಡಿಯಿತು. ನೀವು ಅಂಗಡಿಯವರಾದರೆ ಇದರಲ್ಲಿ ಒಂದು ನೆಮ್ಮದಿಯಿದೆ. ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮ ಬಳಿ ಇಟ್ಟುಕೊಳ್ಳುವುದನ್ನೇ 2022ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಪಾವತಿ ಗೇಟ್‌ವೇಯವರಿಗೆ ಅದನ್ನು ಬಿಟ್ಟುಬಿಡಿ, ನಿಮ್ಮ ಡೇಟಾಬೇಸ್‌ನಲ್ಲಿ ಹಳೆಯ ಕಾರ್ಡ್ ವಿವರ ಉಳಿದಿದ್ದರೆ ಅಳಿಸಿ.

ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುವವರಿಗೆ ಇನ್ನೊಂದಿದೆ, ಇದನ್ನು ಅನೇಕ ಲೆಕ್ಕಿಗರೂ ಕಡೆಗಣಿಸುತ್ತಾರೆ. ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಪ್ರತಿದಿನ ಆಗಬೇಕು ಎಂದು ಕಂಪನಿ ಕಾಯ್ದೆಯ ಲೆಕ್ಕಪತ್ರ ನಿಯಮಗಳು 2022ರ ತಿದ್ದುಪಡಿಯಿಂದೀಚೆಗೆ ಹೇಳುತ್ತವೆ. ವಿದೇಶಿ ಲೆಕ್ಕದ ತಂತ್ರಾಂಶ ಬಳಸಿದರೂ ಇದು ತಪ್ಪದು. ವಿಮೆಯವರ ಪಾಲಿಸಿ ದಾಖಲೆಗಳು ದೇಶದೊಳಗಿನ ಡೇಟಾ ಸೆಂಟರ್‌ನಲ್ಲಿರಬೇಕು. ಸರ್ಕಾರಿ ಇಲಾಖೆಗಳ ಕೆಲಸ ಹಿಡಿಯುವವರಿಗೆ ಕೇಂದ್ರದ ಮಾನ್ಯತೆ ಪಡೆದ, ಭಾರತದಲ್ಲಿರುವ ಕ್ಲೌಡ್ ಬೇಕೆಂದು ಟೆಂಡರಿನಲ್ಲೇ ಬರೆದಿರುತ್ತದೆ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶ ಎಲ್ಲರಿಗೂ ಅನ್ವಯ: ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ತಿಳಿಸಬೇಕು, ಸರ್ವರ್ ಲಾಗ್‌ಗಳನ್ನು 180 ದಿನ ಉಳಿಸಿಕೊಂಡು ಕೇಳಿದಾಗ ಕೊಡಬೇಕು. ಅಗ್ಗದ ಹೋಸ್ಟಿಂಗ್ ಪ್ಯಾಕೇಜ್‌ಗಳಲ್ಲಿ ಲಾಗ್‌ಗಳು ಕೆಲವೇ ದಿನಗಳಲ್ಲಿ ತಾನಾಗಿ ಅಳಿಯುತ್ತವೆ. ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಬೆಂಗಳೂರಿನಲ್ಲಿ ಕೂತು ಯುರೋಪಿನ ಮಾಹಿತಿ ನೋಡಿದರೆ

ಯುರೋಪಿನ ದತ್ತಾಂಶ ರಕ್ಷಣೆಯ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ಅದರ ಬಗ್ಗೆ ಹಬ್ಬಿರುವ ದೊಡ್ಡ ತಪ್ಪು ತಿಳಿವಳಿಕೆಯೆಂದರೆ, ಯುರೋಪಿನವರ ಮಾಹಿತಿ ಯುರೋಪಿನಲ್ಲೇ ಇರಬೇಕು ಎಂಬುದು. ಹಾಗೆಂದು ಅದು ಎಲ್ಲೂ ಹೇಳಿಲ್ಲ. ಮಾಹಿತಿ ಎಲ್ಲಿಗೆ ಹೋದರೂ ರಕ್ಷಣೆ ಅದರ ಜೊತೆಗೇ ಹೋಗಬೇಕು ಎನ್ನುತ್ತದೆ. ಜಪಾನ್, ದಕ್ಷಿಣ ಕೊರಿಯಾ, ಸ್ವಿಟ್ಜರ್ಲೆಂಡ್, ಬ್ರಿಟನ್ ಮುಂತಾದ ದೇಶಗಳ ಕಾನೂನು ಸಾಕಷ್ಟು ಗಟ್ಟಿಯಾಗಿದೆ ಎಂದು ಯುರೋಪಿಯನ್ ಆಯೋಗ ಒಪ್ಪಿದೆ. ಭಾರತಕ್ಕೆ ಆ ಮನ್ನಣೆ ಸಿಕ್ಕಿಲ್ಲ. ಹಾಗಾಗಿ ಇಲ್ಲಿಗೆ ಮಾಹಿತಿ ಕಳಿಸುವವರು ಆಯೋಗ 2021ರ ಜೂನ್‌ನಲ್ಲಿ ಹೊರಡಿಸಿದ ಮಾದರಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವುದು ವಾಡಿಕೆ. ಭಾರತದ ಸರ್ಕಾರ ಆ ಮಾಹಿತಿಯನ್ನು ಕೇಳಿ ಪಡೆಯುವ ಸಾಧ್ಯತೆ ಎಷ್ಟು ಎಂಬುದನ್ನೂ ಬರೆದಿಡಬೇಕು.

ಬೆಂಗಳೂರಿನ ಐಟಿ ಕಚೇರಿಗಳಿಗೆ ಇದು ದಿನನಿತ್ಯದ ಸಂಗತಿ. ಸರ್ವರ್ ಫ್ರಾಂಕ್‌ಫರ್ಟ್‌ನಲ್ಲೇ ಇರಲಿ, ರಾತ್ರಿ ಪಾಳಿಯ ಎಂಜಿನಿಯರ್ ವೈಟ್‌ಫೀಲ್ಡ್‌ನಿಂದ ಲಾಗಿನ್ ಆಗಿ ಒಬ್ಬ ಜರ್ಮನ್ ಗ್ರಾಹಕರ ವಿವರ ತೆರೆದು ನೋಡಿದರೆ ಸಾಕು, ಕಾನೂನಿನ ಕಣ್ಣಲ್ಲಿ ಆ ಮಾಹಿತಿ ಭಾರತಕ್ಕೆ ಬಂದಂತೆ. ಟಿಕ್‌ಟಾಕ್ ಕಲಿತ ಪಾಠ ಇದೇ. ಯುರೋಪಿನ ಬಳಕೆದಾರರ ಮಾಹಿತಿಯನ್ನು ಚೀನಾದ ಸಿಬ್ಬಂದಿ ದೂರದಿಂದ ನೋಡಬಹುದಾಗಿತ್ತು, ಅಲ್ಲಿ ಅದಕ್ಕೆ ಯುರೋಪಿನಷ್ಟೇ ರಕ್ಷಣೆಯಿದೆ ಎಂದು ಕಂಪನಿ ತೋರಿಸಿಕೊಡಲಿಲ್ಲ ಎಂದು ಐರ್ಲೆಂಡಿನ ದತ್ತಾಂಶ ಆಯೋಗ 2025ರ ಮೇನಲ್ಲಿ 53 ಕೋಟಿ ಯುರೋ ದಂಡ ಹಾಕಿತು. ಅದಕ್ಕೂ ಎರಡು ವರ್ಷ ಮೊದಲು ಅಮೆರಿಕಕ್ಕೆ ಮಾಹಿತಿ ಸಾಗಿಸಿದ್ದಕ್ಕೆ ಮೆಟಾ ಕಂಪನಿಗೆ ಬಿದ್ದ ದಂಡ 120 ಕೋಟಿ ಯುರೋ. ಹೊರದೇಶದ ಕಂಪನಿಯ ಗುತ್ತಿಗೆ ಮೇಲೆ ವಿದೇಶಿಯರ ಮಾಹಿತಿ ಸಂಸ್ಕರಿಸುವ ಭಾರತೀಯ ಸಂಸ್ಥೆಗಳಿಗೆ ನಮ್ಮ ಕಾಯ್ದೆ ಬಹುಪಾಲು ವಿನಾಯಿತಿ ಕೊಟ್ಟಿದೆ, ನಿಜ. ಆದರೆ ಭದ್ರತೆಯ ಹೊಣೆಗೆ ವಿನಾಯಿತಿಯಿಲ್ಲ, ಯುರೋಪಿನ ಕಾನೂನಿನಿಂದ ಬಿಡುಗಡೆಯೂ ಇಲ್ಲ.

ಕನ್ನಡ ಪುಸ್ತಕ ಮಾರುವ ಸಣ್ಣ ಪ್ರಕಾಶಕರಿಗೆ ಇದೆಲ್ಲ ತಗಲುತ್ತದೆಯೇ? ಮ್ಯೂನಿಕ್‌ನ ಕನ್ನಡಿಗರೊಬ್ಬರು ತಾವಾಗಿ ನಿಮ್ಮ ಸೈಟಿಗೆ ಬಂದು ಪುಸ್ತಕ ನೋಡಿದರೆ ತಗಲುವುದಿಲ್ಲ. ಯುರೋದಲ್ಲಿ ಬೆಲೆ ಹಾಕಿ, ಜರ್ಮನಿಗೆ ಕಳಿಸಿಕೊಡುತ್ತೇವೆ ಎಂದು ಜಾಹೀರಾತು ಕೊಟ್ಟು ಗ್ರಾಹಕರನ್ನು ಕರೆದರೆ ತಗಲುತ್ತದೆ. ಇಂಥವರು ಸರ್ವರನ್ನು ಫ್ರಾಂಕ್‌ಫರ್ಟ್‌ಗೆ ಸಾಗಿಸುವ ಅಗತ್ಯವಿಲ್ಲ. ಸಾಗಿಸಿದರೆ ಕಾನೂನಿನ ಕೆಲಸ ಕಡಿಮೆಯಾಗುವುದಿಲ್ಲ, ಅಲ್ಲಿಂದ ಇಲ್ಲಿಗೆ ಬರುವ ಪ್ರತಿ ಮಾಹಿತಿಗೂ ಒಪ್ಪಂದದ ಪ್ರಶ್ನೆ ಏಳುತ್ತದೆ. ವಿಳಾಸ, ಇಮೇಲ್, ಆರ್ಡರ್ ಇಷ್ಟನ್ನೇ ಪಡೆದು, ಯಾಕೆ ಪಡೆಯುತ್ತೇವೆಂದು ತಿಳಿಸಿ, ಕೇಳಿದಾಗ ಅಳಿಸಿಕೊಡುವ ವ್ಯವಸ್ಥೆ ಇಟ್ಟುಕೊಳ್ಳುವುದು ಮುಖ್ಯ. ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿರುವ ಕನ್ನಡ ಸಂಘಗಳ ಸ್ಥಿತಿ ಬೇರೆ. ಅವು ಅಲ್ಲಿಯ ಸಂಸ್ಥೆಗಳೇ ಆದ್ದರಿಂದ ಕಾನೂನು ಪೂರ್ತಿ ಅನ್ವಯಿಸುತ್ತದೆ. ಊರಿನ ಗೆಳೆಯರೊಬ್ಬರು ಕಡಿಮೆ ಖರ್ಚಿನಲ್ಲಿ ಮೈಸೂರಿನಿಂದ ಸೈಟ್ ನಡೆಸಿಕೊಡುತ್ತಿದ್ದರೆ, ಸದಸ್ಯರ ಪಟ್ಟಿಯನ್ನು ಯುರೋಪಿನ ಸರ್ವರ್‌ನಲ್ಲೇ ಇಟ್ಟು, ಇಲ್ಲಿಂದ ಅದು ತೆರೆಯದಂತೆ ಮಾಡಿಬಿಡುವುದು ಸುಲಭದ ದಾರಿ.

ಕಂಪನಿಯ ದೇಶವೂ ಲೆಕ್ಕಕ್ಕೆ ಬರುತ್ತದೆ

2013ರಲ್ಲಿ ಅಮೆರಿಕದ ಪೊಲೀಸರು ಮಾದಕ ವಸ್ತು ಪ್ರಕರಣವೊಂದರಲ್ಲಿ ಡಬ್ಲಿನ್‌ನ ಸರ್ವರ್‌ನಲ್ಲಿದ್ದ ಇಮೇಲ್‌ಗಳನ್ನು ಕೊಡುವಂತೆ ಮೈಕ್ರೋಸಾಫ್ಟ್‌ಗೆ ವಾರಂಟ್ ತಂದರು. ಕಂಪನಿ ಒಪ್ಪಲಿಲ್ಲ. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. ತೀರ್ಪು ಬರುವ ಮೊದಲೇ, 2018ರ ಮಾರ್ಚ್‌ನಲ್ಲಿ, ಅಲ್ಲಿನ ಸಂಸತ್ತು ಕ್ಲೌಡ್ ಕಾಯ್ದೆ ತಂದಿತು. ಅಮೆರಿಕದ ಕಂಪನಿ ತನ್ನ ಹಿಡಿತದಲ್ಲಿರುವ ಮಾಹಿತಿಯನ್ನು, ಅದು ಯಾವ ದೇಶದಲ್ಲಿದ್ದರೂ, ಕಾನೂನುಬದ್ಧ ವಾರಂಟ್ ಬಂದರೆ ಕೊಡಬೇಕು ಎಂದು ಅದು ಹೇಳುತ್ತದೆ. 2025ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಫ್ರಾನ್ಸ್‌ನ ಅಧಿಕಾರಿಯೊಬ್ಬರು ಫ್ರೆಂಚ್ ಸೆನೆಟ್ ಮುಂದೆ, ಫ್ರಾನ್ಸ್‌ನ ಮಾಹಿತಿ ಅಮೆರಿಕದ ಸರ್ಕಾರಕ್ಕೆ ಎಂದೂ ಹೋಗುವುದಿಲ್ಲ ಎಂಬ ಖಾತ್ರಿ ತಾವು ಕೊಡಲಾರೆವು ಎಂದು ಪ್ರಮಾಣ ಮಾಡಿ ಹೇಳಿದರು.

ಅಂದರೆ ಪುಣೆ, ಮುಂಬೈ ಆರಿಸಿಕೊಂಡರೂ ಕಂಪನಿ ಅಮೆರಿಕದ್ದಾದರೆ ಅಲ್ಲಿನ ಕಾನೂನೂ ಜೊತೆಗಿರುತ್ತದೆ. ಬೇರೆ ದೇಶದ ನಿರ್ಬಂಧಗಳೂ ಹೀಗೇ ಬಂದು ತಟ್ಟುತ್ತವೆ. ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದ ಕಾರಣಕ್ಕೆ 2025ರ ಜುಲೈನಲ್ಲಿ ಭಾರತದ ನಯಾರಾ ಎನರ್ಜಿ ಕಂಪನಿಗೆ ಮೈಕ್ರೋಸಾಫ್ಟ್ ಸೇವೆಗಳು ನಿಂತುಹೋದವು. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತಾದರೂ, ಇಲ್ಲಿ ನಡೆಯುವ ಸಂಸ್ಥೆಯ ಇಮೇಲನ್ನು ಇನ್ನೊಂದು ಖಂಡದ ತೀರ್ಮಾನವೊಂದು ನಿಲ್ಲಿಸಬಲ್ಲದು ಎಂಬುದು ಎಲ್ಲರಿಗೂ ಕಂಡಿತು.

ಇದನ್ನು ಕೇಳಿ ದೊಡ್ಡ ಕ್ಲೌಡ್‌ಗಳನ್ನೆಲ್ಲ ಬಿಡಬೇಕಿಲ್ಲ. ಅವರ ಭದ್ರತೆ ನಾವು ಕಚೇರಿಯ ಮೂಲೆಯಲ್ಲಿಟ್ಟ ಸರ್ವರ್‌ಗಿಂತ ಎಷ್ಟೋ ಪಾಲು ಮೇಲು. ಗುಟ್ಟಾಗಿರಲೇಬೇಕಾದದ್ದನ್ನು ಎನ್‌ಕ್ರಿಪ್ಟ್ ಮಾಡಿ, ಕೀಲಿಯನ್ನು ನಿಮ್ಮ ಕೈಯಲ್ಲಿಟ್ಟುಕೊಳ್ಳಿ. ಬ್ಯಾಂಕಿನ ಲಾಕರ್ ಬ್ಯಾಂಕಿನದೇ ಆದರೂ ಕೀಲಿ ನಮ್ಮ ಬಳಿ ಇರುವ ಹಾಗೆ. ಕೀಲಿಯನ್ನೂ ಅದೇ ಕ್ಲೌಡ್ ಕಂಪನಿಯ ವಶಕ್ಕೆ ಕೊಟ್ಟರೆ ಕಳ್ಳರಿಂದ ರಕ್ಷಣೆ ಸಿಗುತ್ತದೆ, ವಾರಂಟ್‌ನಿಂದ ಸಿಗುವುದಿಲ್ಲ.

ರಷ್ಯಾ, ಚೀನಾಗಳಲ್ಲಿ ವ್ಯವಹಾರ ಇರುವವರಿಗೆ ಆಯ್ಕೆಯೇ ಕಡಿಮೆ. ತನ್ನ ಪ್ರಜೆಗಳ ಮಾಹಿತಿ ತನ್ನ ನೆಲದಲ್ಲೇ ಇರಬೇಕೆಂದು ರಷ್ಯಾ 2015ರಿಂದ ಹೇಳುತ್ತಿದೆ, ಒಪ್ಪದ ಲಿಂಕ್ಡ್‌ಇನ್ ಅನ್ನು 2016ರಲ್ಲಿ ತನ್ನ ದೇಶದಲ್ಲಿ ನಿರ್ಬಂಧಿಸಿತು. ಚೀನಾದ ಬಳಕೆದಾರರ ಐಕ್ಲೌಡ್ ಮಾಹಿತಿಯನ್ನು ಆ್ಯಪಲ್ 2018ರಲ್ಲಿ ಅಲ್ಲಿಯ ಕಂಪನಿಯೊಂದಕ್ಕೆ ವಹಿಸಬೇಕಾಯಿತು.

ಒಂದು ಫಾರಂನ ಜಾಡು ಹಿಡಿದು

ಈಗ ಹಾಸನದ ಒಂದು ಕ್ಲಿನಿಕ್ ಅನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವೆಬ್‌ಸೈಟ್ ಮುಂಬೈಯಲ್ಲಿದೆ, ವೈದ್ಯರು ಅದನ್ನು ಕೇಳಿಯೇ ಆರಿಸಿದ್ದಾರೆ ಎಂದಿಟ್ಟುಕೊಳ್ಳಿ. ರೋಗಿಯೊಬ್ಬರು ಅಪಾಯಿಂಟ್‌ಮೆಂಟ್ ಫಾರಂ ತೆರೆದು ಹೆಸರು, ವಯಸ್ಸು, ಮೊಬೈಲ್ ತುಂಬುತ್ತಾರೆ. ‘ತೊಂದರೆ ಏನು’ ಎಂಬ ಖಾನೆಯಲ್ಲಿ ‘ಎರಡು ತಿಂಗಳಿಂದ ಮುಟ್ಟಾಗಿಲ್ಲ’ ಎಂದು ಬರೆದು ‘ಕಳುಹಿಸಿ’ ಒತ್ತುತ್ತಾರೆ.

ಆ ಸಾಲು ಮುಂಬೈ ಡೇಟಾಬೇಸ್‌ಗೆ ಹೋಗಿ ಕೂರುತ್ತದೆ. ಅದೇ ಕ್ಷಣದಲ್ಲಿ ಫಾರಂ ಪ್ಲಗಿನ್ ಪೂರ್ತಿ ವಿವರವನ್ನು ರಿಸೆಪ್ಷನ್‌ನ ಉಚಿತ ಜಿಮೇಲ್‌ಗೆ ಇಮೇಲ್ ಮಾಡುತ್ತದೆ. ಉಚಿತ ಖಾತೆಗೆ ಊರು ಆರಿಸುವ ಅವಕಾಶವಿಲ್ಲ. ರಿಸೆಪ್ಷನ್‌ನಲ್ಲಿ ಕೂತವರು ಅದನ್ನು ನಕಲು ಮಾಡಿ ವೈದ್ಯರ ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾರೆ, ಒಂದು ಗೂಗಲ್ ಶೀಟ್‌ನಲ್ಲೂ ಬರೆದಿಡುತ್ತಾರೆ. ಪುಟದಲ್ಲಿ ಅಳವಡಿಸಿದ ಅನಲಿಟಿಕ್ಸ್, ಈ ಮೊಬೈಲ್‌ನಿಂದ ‘ಸ್ತ್ರೀರೋಗ ತಪಾಸಣೆ’ ಎಂಬ ಪುಟ ತೆರೆಯಲಾಯಿತು ಎಂದು ತನ್ನ ಕಂಪನಿಗೆ ತಿಳಿಸುತ್ತದೆ. ಸೈಟಿನಲ್ಲಿ ದೋಷವೇನಾದರೂ ಬಂದರೆ ಅದನ್ನು ಹಿಡಿಯುವ ಸಾಧನ, ಫಾರಂನಲ್ಲಿದ್ದ ಅಕ್ಷರಗಳ ಸಮೇತ ವಿದೇಶಿ ಸರ್ವರ್‌ಗೆ ವರದಿ ಮಾಡಬಹುದು. ರಾತ್ರಿ ಎಲ್ಲದರ ಬ್ಯಾಕಪ್, ಸೈಟ್ ಮಾಡಿಕೊಟ್ಟವರ ಸ್ವಂತ ಡ್ರೈವ್ ಖಾತೆಗೆ ಹೋಗುತ್ತದೆ. ಎರಡು ವರ್ಷದ ಹಿಂದೆ ಆ ಕೆಲಸ ಬಿಟ್ಟುಹೋದವರ ಬಳಿಯೂ ಅದರ ಪಾಸ್‌ವರ್ಡ್ ಇರಬಹುದು. ಆ ಹೆಣ್ಣುಮಗಳ ಒಂದು ಸಾಲು ಇಷ್ಟು ಕಡೆ ಬಿದ್ದಿದೆ, ಅದರಲ್ಲಿ ಮುಂಬೈಯಲ್ಲಿರುವುದು ಒಂದೇ. ಅವರು ವೈದ್ಯರನ್ನು ನಂಬಿ ಬರೆದರು, ಇಷ್ಟು ಜನರನ್ನು ನಂಬಿ ಬರೆದದ್ದಲ್ಲ.

ಅದಕ್ಕೆ ಹೋಸ್ಟಿಂಗ್ ಬದಲಿಸುವ ಮೊದಲು ನಿಮ್ಮಲ್ಲಿರುವ ಒಂದೇ ಒಂದು ಫಾರಂ ಹಿಡಿದು ಅದರ ಜಾಡನ್ನು ಕಾಗದದ ಮೇಲೆ ಬರೆಯಿರಿ. ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಒಂದೊಂದಾಗಿ ಕತ್ತರಿಸಿ. ‘ತೊಂದರೆ ಏನು’ ಎಂಬ ಖಾನೆ ಫಾರಂನಲ್ಲಿ ಬೇಡ, ಅದನ್ನು ಫೋನಿನಲ್ಲೋ ಎದುರಿಗೋ ಕೇಳಬಹುದು. ಇಮೇಲ್‌ನಲ್ಲಿ ‘ಹೊಸ ಅಪಾಯಿಂಟ್‌ಮೆಂಟ್ ಬಂದಿದೆ, ಲಾಗಿನ್ ಆಗಿ ನೋಡಿ’ ಎಂಬಷ್ಟೇ ಇರಲಿ. ಫಾರಂ ಇರುವ ಪುಟಗಳಿಂದ ಅನಲಿಟಿಕ್ಸ್ ತೆಗೆಸಿ. ಬ್ಯಾಕಪ್ ಸಂಸ್ಥೆಯ ಹೆಸರಿನ ಖಾತೆಯಲ್ಲಿರಲಿ, ಕೆಲಸ ಬಿಟ್ಟವರ ಪ್ರವೇಶ ಅದೇ ದಿನ ರದ್ದಾಗಲಿ. ಪಡೆಯದೇ ಇದ್ದ ಮಾಹಿತಿಯನ್ನು ಯಾವ ದೇಶದ ಯಾವ ಕಾನೂನೂ ನಿಮ್ಮಿಂದ ಕೇಳಲಾರದು, ಯಾವ ಕಳ್ಳನೂ ಕದಿಯಲಾರ.

ಊರು ಆರಿಸುವಾಗ, ಬರೆಸಿಕೊಳ್ಳುವಾಗ

ಭಾರತೀಯ ಗ್ರಾಹಕರೇ ಹೆಚ್ಚಿರುವ ಸಂಸ್ಥೆಗಳು ಮಾಹಿತಿಯನ್ನು ಭಾರತದಲ್ಲೇ ಇಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕಾಯ್ದೆ ಇಂದು ಹೊರಗೆ ಬಿಟ್ಟರೂ ನಾಳೆ ಅಧಿಸೂಚನೆಯೊಂದು ಬಂದಾಗ ಓಡುತ್ತಿರುವ ವ್ಯವಸ್ಥೆಯನ್ನು ಎತ್ತಿ ಬೇರೆಡೆ ಇಡುವ ಖರ್ಚು, ಈಗ ಉಳಿಸುವ ಬಾಡಿಗೆಗಿಂತ ಬಹಳ ಹೆಚ್ಚು. ಮುಂಬೈಯಿಂದ ಪುಟ ತೆರೆಯುವ ವೇಗವೂ ವರ್ಜೀನಿಯಾಕ್ಕಿಂತ ಹೆಚ್ಚು. ಬೆಂಗಳೂರಲ್ಲೇ ಬೇಕೆಂದರೆ ಡಿಜಿಟಲ್‌ಓಷನ್‌ನಂಥ ಸೇವೆಗಳ ಕೇಂದ್ರ ಇಲ್ಲೂ ಇದೆ.

ಒಂದೇ ಕಟ್ಟಡದಲ್ಲಿ ಎಲ್ಲವನ್ನೂ ಇಡಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿದಾಗ, ಬ್ಯಾಕಪ್ ಅನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಅಧಿಕಾರಿಗಳ ಕಡತಗಳಿದ್ದ 858 ಟೆರಾಬೈಟ್‌ನ ಸಂಗ್ರಹ ನಾಶವಾಯಿತು, ಅದಕ್ಕೆ ಬೇರೆಡೆ ಪ್ರತಿಯೇ ಇರಲಿಲ್ಲ. ಮುಂಬೈಯಲ್ಲಿ ಮೂಲ, ಹೈದರಾಬಾದ್ ಅಥವಾ ಚೆನ್ನೈಯಲ್ಲಿ ನಕಲು ಎಂಬ ಏರ್ಪಾಟು ದೇಶದ ಗಡಿ ದಾಟದೆಯೇ ಈ ಅಪಾಯವನ್ನು ತಪ್ಪಿಸುತ್ತದೆ. ಬ್ಯಾಕಪ್‌ಗೆ ಯಾವ ಊರು ಎಂಬುದನ್ನು ಅನೇಕ ಸೇವೆಗಳಲ್ಲಿ ಬೇರೆಯಾಗಿಯೇ ಆರಿಸಬೇಕು, ಮೂಲ ಸರ್ವರ್‌ನ ಆಯ್ಕೆ ಅದಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಎಸ್ಟೋನಿಯಾದಂಥ ಪುಟ್ಟ ದೇಶ ಇದನ್ನೇ ಬೇರೆ ರೀತಿಯಲ್ಲಿ ಯೋಚಿಸಿ, 2017ರ ಒಪ್ಪಂದದ ಮೂಲಕ ತನ್ನ ಮುಖ್ಯ ದಾಖಲೆಗಳ ಪ್ರತಿಯನ್ನು ಲಕ್ಸೆಂಬರ್ಗ್‌ನಲ್ಲಿ ರಾಯಭಾರ ಕಚೇರಿಗಿರುವಂಥದೇ ಕಾನೂನು ರಕ್ಷಣೆಯಲ್ಲಿ ಇಟ್ಟಿದೆ.

ಹೋಸ್ಟಿಂಗ್ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇಮೇಲ್‌ನಲ್ಲಿ, ಬರಹದಲ್ಲಿ ಉತ್ತರ ಪಡೆಯಿರಿ. ಮೂಲ, ಬ್ಯಾಕಪ್, ಲಾಗ್ ಮೂರೂ ಯಾವ ಊರಲ್ಲಿವೆ? ನಿಮ್ಮ ತಾಂತ್ರಿಕ ನೆರವಿನ ಸಿಬ್ಬಂದಿ ಯಾವ ದೇಶದಿಂದ ನಮ್ಮ ಮಾಹಿತಿ ತೆರೆಯಬಲ್ಲರು? ಈ ಕೆಲಸದಲ್ಲಿ ಇನ್ನಾವ ಕಂಪನಿಗಳನ್ನು ಸೇರಿಸಿಕೊಂಡಿದ್ದೀರಿ, ಆ ಪಟ್ಟಿ ಬದಲಾದರೆ ನಮಗೆ ತಿಳಿಸುತ್ತೀರಾ? ಸೋರಿಕೆಯಾದರೆ ಎಷ್ಟು ಗಂಟೆಯಲ್ಲಿ ಹೇಳುತ್ತೀರಿ? ಕೊನೆಯ ಪ್ರಶ್ನೆಗೆ ‘ಮೂರು ದಿನ’ ಎಂಬ ಉತ್ತರ ಬಂದರೆ ಒಪ್ಪಬೇಡಿ. ಸರ್ಟ್-ಇನ್‌ಗೆ ನೀವು ವರದಿ ಮಾಡಲು ಇರುವುದು ಆರು ಗಂಟೆ, ಹೊಸ ಕಾಯ್ದೆ ಜಾರಿಯಾದ ಮೇಲೆ ಮಂಡಳಿಗೆ ಪೂರ್ತಿ ವಿವರ ಕೊಡಲು ಇರುವುದು 72 ಗಂಟೆ. ಒಪ್ಪಂದ ಮುಗಿದ ಮೇಲೆ ಮಾಹಿತಿಯನ್ನು ಯಾವ ರೂಪದಲ್ಲಿ ವಾಪಸು ಕೊಡುತ್ತಾರೆ, ಅವರ ಬ್ಯಾಕಪ್‌ಗಳಿಂದ ಎಷ್ಟು ದಿನದಲ್ಲಿ ಅಳಿಸುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ. ಸೇವೆ ಹಠಾತ್ತನೆ ನಿಂತರೂ ಕೈಗೆ ಸಿಗುವಂತೆ ಒಂದು ಎನ್‌ಕ್ರಿಪ್ಟ್ ಮಾಡಿದ ಪ್ರತಿ ಬೇರೊಂದು ಕಂಪನಿಯಲ್ಲಿ ಇರಲಿ, ಆರು ತಿಂಗಳಿಗೊಮ್ಮೆ ಅದನ್ನು ಖಾಲಿ ಸರ್ವರ್‌ಗೆ ಇಳಿಸಿ, ದಾಖಲೆಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸಿ.